ಟಗರಿನ ಪಕ್ಕ ನಿಂತ ಫೋಟೋ

“ಹಲೋ... ಯಾರು ಮಾತಾಡ್ತಿರೋದು? ಉಮಾಶಂಕರಣ್ಣನಾ? ... ಊರಲ್ಲಿಲ್ವಾ? ದನಿ ನಿಂದೇ ಅಲ್ವಾ ಮತ್ತೆ? ... ಹಾಂ, ನಾನೇ, ಪ್ರಮೀಳಾ. ಇಡಬ್ಯಾಡ ಫೋನು.”

ಪಿರಿಯಾಪಟ್ಟಣದ ಎಸ್‌ಟಿಡಿ ಬೂತಿನಲ್ಲಿ ಪ್ರಮೀಳಾ ಸೆರಗು ಬಿಗಿದು ನಿಂತಿದ್ದಳು. ಅತ್ತ ಹುಣಸೂರಿನಲ್ಲಿ ಅವಳ ದೊಡ್ಡವ್ವನ ಮಗ ಉಮಾಶಂಕರ, ಸೌದಿಗೆ ಆಳು ಕಳಿಸುವ ಏಜೆಂಟು. ಅವಳ ಗಂಡ ಲಿಂಗರಾಜುವನ್ನು ಡ್ರೈವರ್ ಕೆಲಸವೆಂದು ಹೇಳಿ ವಿಮಾನ ಹತ್ತಿಸಿದವನೂ ಅವನೇ. ಎಂಟು ತಿಂಗಳಾಯಿತು; ಲಿಂಗರಾಜುವಿಗೆ ಅಲ್ಲಿ ಓಡಿಸಲು ಸಿಕ್ಕಿದ್ದು ಮುನ್ನೂರು ಕುರಿ.

“... ಹೂಂ, ವೀಸಾಕ್ಕೆ ಅಂತ ಆ ಫೋಟೋ ಕೊಟ್ಟೋಳು ನಾನೇ. ಮನೇಲಿದ್ದಿದ್ದು ಅದೊಂದೇ, ನಮ್ ಟಗರು ಕಾಳಗದಲ್ಲಿ ಗೆದ್ದಾಗ ಅದರ ಪಕ್ಕ ನಿಂತು ತೆಗ್ಸಿದ್ದು. ನೀನು ಟಗರಿರೋ ಅರ್ಧ ಕತ್ತರಿಸಿ ಕಳಿಸ್ಬೇಕಿತ್ತಲ್ವಾ? ... ಅರಬ್ಬಿ ನೋಡ್ತಿದ್ದಂಗೇ ಮೆಚ್ಕೊಂಡ್ನಾ? ಯಾರ್ನ, ನಿನ್ ಭಾವನ್ನೋ, ಟಗರ್ನೋ?”

ಪ್ರಮೀಳಾ ರಿಸೀವರನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡಳು.

“... ಇವ್ರಿಗೆ ಜ್ವರ ಕಣಣ್ಣ. ಕಾಗದ ಬಂದದೆ, ಎದ್ದು ನಿಲ್ಲಾಕಾಗ್ದಂತೆ. ... ವಾಪಸ್ ಬರಾಕೂ ಸ್ಪಾನ್ಸರ್, ಅಂದ್ರೆ ಆ ಅರಬ್ಬೀನೇ ಸೈನು ಹಾಕ್ಬೇಕಾ? ... ಪಾಸ್‌ಪೋರ್ಟೂ ಅವ್ನತ್ರನೇ ಇರ್ಬೇಕಾ? ಯಾಕೆ? ... ಹಾಂ, ಭದ್ರವಾಗಿರ್ಲಿ ಅಂತ. ... ಎರಡು ವರ್ಷದ ಕರಾರಾ? ಇನ್ನೂ ಹದಿನಾರು ತಿಂಗಳು. ಸರಿ.”

ಬರುವ ಶುಕ್ರವಾರ ಉಮಾಶಂಕರ ತಾನೂ ಸೌದಿಗೆ ಹೊರಡುವವನಿದ್ದ, ಇನ್ನಷ್ಟು ಆಳುಗಳಿಗೆ ಹೊಸ ವೀಸಾ ತರಲು. ಪ್ರತಿ ಸಲ ಹೊರಡುವ ಮುಂಚೆ ತನ್ನ ಪಾಸ್‌ಪೋರ್ಟನ್ನು ಚುಂಚನಕಟ್ಟೆಯಲ್ಲಿ ತಾಯಿಯ ಮನೆಯ ದೇವರ ಗೂಡಿನಲ್ಲಿ ಮೂರು ದಿನ ಇರಿಸಿ, ಕುಂಕುಮ ಹಚ್ಚಿಸಿ ಒಯ್ಯುವುದು ಅವನ ಪದ್ಧತಿ. ಪರದೇಶದ ಅಧಿಕಾರಿಗಳನ್ನು ಅವನು ಅಷ್ಟಾಗಿ ನಂಬುತ್ತಿರಲಿಲ್ಲ.

“ಶುಕ್ರವಾರ ಹೋಗ್ತೀಯಂತೆ? ... ನಿನ್ ಪಾಸ್‌ಪೋರ್ಟು ದೇವರ ಗೂಡ್ನಲ್ಲಿ ಇಲ್ಲ ಕಣಣ್ಣ. ... ಬೆಳಿಗ್ಗೆ ಹೋಗಿದ್ದೆ. ದೊಡ್ಡವ್ವಂಗೆ ಇವ್ರ ಕಾಗದ ಓದಿ ಹೇಳ್ದೆ. ಕಣ್ಣೊರೆಸ್ಕೊಂಡು ಅವ್ಳೇ ಎತ್ಕೊಟ್ಲು. ... ಪೊಲೀಸಾ? ಕರಿ. ನಿಮ್ಮವ್ವನ್ನೇ ಸಾಕ್ಷಿ ಕೇಳ್ಲಿ.”

“... ಬೈಬ್ಯಾಡ. ... ಎಲ್ಲಿ ಅಂದ್ರೆ? ಭದ್ರವಾಗದೆ. ಕುಂಕುಮಾನೂ ಅಂಗೇ ಅದೆ.”

“... ಅರಬ್ಬಿಗೆ ಫೋನ್ ಮಾಡು. ಅವ್ನು ಸೈನು ಹಾಕ್ಲಿ, ಇವ್ರು ಬಂದಿಳೀಲಿ. ಆಮೇಲೆ ನೀನು. ... ಹೂಂ, ಈಗ ನೀನು ದೇಶ ಬುಡಾಕೆ ನನ್ ಸೈನು ಬೇಕು. ಹೆಬ್ಬೆಟ್ಟಲ್ಲ, ಸೈನೇ ಹಾಕ್ತೀನಿ. ... ಹಲೋ? ಕೇಳಿಸ್ತಾ? ನಾನಿಲ್ಲೇ ಕೂತಿರ್ತೀನಿ, ಈ ಬೂತಿನ ನಂಬರು ಬರ್ಕೋ, ಎರಡು...”

ಲೈನು ಕಡಿಯಿತು.