ಇಪ್ಪತ್ತೆರಡನ್ನು ಹದಿನಾಲ್ಕು ಮಾಡಿದ ರಾತ್ರಿ

ಆ ಲೈಟು ಇರಲಿ ಬಿಡಿ, ಆರಿಸಬೇಡಿ... ನಮ್ಮ ಪಕ್ಕದ ಮನೆಯಲ್ಲಿದ್ದ ಅಮರನಿಗೆ ಆದದ್ದು ಇದು.

ಅಮರನಿಗೆ ಲಕ್ಷ್ಮೀಪುರಂನ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಕೆಲಸ. ಅವತ್ತು ಬಾಗಿಲು ಹಾಕುವಾಗಲೇ ಹೊತ್ತು ಬಹಳವಾಗಿತ್ತು. ಬೈಕು ಕೈಕೊಟ್ಟಿತ್ತು, ಉದಯಗಿರಿಯವರೆಗೂ ನಡೆದೇ ಹೊರಟ. ಅಂಗಿ ಜೇಬಿನಲ್ಲಿ ಒಂದು ಜೊತೆ ಹಳೇ ರ‍್ಯಾಮ್ ಪಟ್ಟಿ, ಕಂಪ್ಯೂಟರಿನ ಮೆಮೊರಿ. ನಾಗೇಂದ್ರ ಅಂತ ಒಬ್ಬ ಸ್ಟುಡಿಯೋದವನನ್ನು ಕೂತ ಕುರ್ಚಿಯಲ್ಲೇ ಕಬ್ಬಿಣದ ರಾಡಿನಿಂದ ಚಚ್ಚಿ ಕೊಂದಿದ್ದರು. ಅವನ ಕಂಪ್ಯೂಟರನ್ನು ಮನೆಯವರು ಅಂಗಡಿಗೆ ಮಾರಿದ್ದರು. ಪಟ್ಟಿ ಅದರದ್ದೇ.

ದಾರಿಯಲ್ಲಿ ಒಂದು ಮುಚ್ಚಿದ ಬಾವಿಯ ಹತ್ತಿರ ಬಂದಾಗ ಜೇಬಿನಲ್ಲಿ... ಠಣ್. ಅಮರ ನಿಂತ. ಏನೂ ಇಲ್ಲ. ನಾಲ್ಕು ಹೆಜ್ಜೆ ಹಾಕಿದ... ಹಿಂದೆ ಧಡ್! ಬಾವಿಕಟ್ಟೆಯ ಮೇಲೆ ಮಲಗಿದ್ದ ನಾಯಿ ಕುಂಯ್ ಎಂದು ಒಂದೇ ಸಲ ಕಿರುಚಿ ಸುಮ್ಮನಾಯಿತು. ಅದರ ಬೆನ್ನು ಮುರಿದಿತ್ತು. ಸುತ್ತ ಯಾರೂ ಇರಲಿಲ್ಲ.

ಆ ಪಟ್ಟಿಯನ್ನು ಅಲ್ಲೇ ಎಸೆದು ಬರಬೇಕಿತ್ತು, ಮುಠ್ಠಾಳ. ಎಸೆಯಲಿಲ್ಲ. ತಂಗಿ ಧರಣಿ ಮದುವೆ ವಿಡಿಯೋ ಎಡಿಟ್ ಮಾಡುವವಳು. ಬೆಳಗಾಗುವಷ್ಟರಲ್ಲಿ ಒಂದು ಮದುವೆ ಮುಗಿಸಿ ಕೊಡಬೇಕಿತ್ತು. ಅವಳ ಕಂಪ್ಯೂಟರೋ ತೆವಳುತ್ತಿತ್ತು.

ಅಂಗಡಿಯಲ್ಲಿ ಒಂದು ರೂಢಿ ಇದೆ. ಹಳೇ ರ‍್ಯಾಮ್ ಬಂದರೆ ಇಡೀ ರಾತ್ರಿ ಟೆಸ್ಟಿಗೆ ಬಿಡಬೇಕು, ಆಮೇಲೆಯೇ ಅದರ ನಂಬರು ಮುಟ್ಟಬೇಕು. ನಂಬರು ಅಂದರೆ, ಕಂಪ್ಯೂಟರು 'ಕೊಡು' ಅಂದ ಮೇಲೆ ಮೆಮೊರಿ ಎಷ್ಟು ಹೊತ್ತು ಕಾದು ಕೊಡಬೇಕು ಅನ್ನುವುದು. ಇಳಿಸಿದರೆ ಕಾಯುವುದು ಕಮ್ಮಿ, ವೇಗ ಜಾಸ್ತಿ. ನಮ್ಮ ಅಮರ ನಿಧಾನಕ್ಕೆ ಹೆಸರಾದ ಮೈಸೂರಿನಲ್ಲೇ ಹುಟ್ಟಿದವನಾದರೂ ಕಾಯುವುದು ಅಂದರೆ ಅವನಿಗೆ ಆಗದು. ಟೆಸ್ಟೂ ಇಲ್ಲ ಗಿಸ್ಟೂ ಇಲ್ಲ. ಮನೆಗೆ ಬಂದು ಪಟ್ಟಿ ಹಾಕಿದವನೇ ಇಪ್ಪತ್ತೆರಡಿದ್ದದ್ದನ್ನು ಹದಿನಾಲ್ಕು ಮಾಡಿ, ತಂಗಿಯನ್ನು ಕುರ್ಚಿಯಲ್ಲಿ ಕೂರಿಸಿದ.

ಕಂಪ್ಯೂಟರಿನೊಳಗೆ... ಠಣ್.

"ಏನಣ್ಣ ಅದು?" ಧರಣಿ ಪಿಸುಗುಟ್ಟಿದಳು.

"ಫ್ಯಾನಿರಬೇ..."

ಧಡ್! ಪಕ್ಕದ ಕಬ್ಬಿಣದ ಬೀರು ನೆಗ್ಗಿ ಅವಳ ಮೇಲೆ ಉರುಳಿತು. ಕುರ್ಚಿಯ ಸಮೇತ ಬಿದ್ದಳು. ಬೀರುವಿನಡಿ ಕಾಲಿನ ಮೂಳೆ ಲಟಕ್ ಅಂದದ್ದು ಇಬ್ಬರಿಗೂ ಕೇಳಿಸಿತು. ಠಣ್, ಧಡ್! ಅವಳ ಭುಜ. ಕಾಣದ ರಾಡು ಮೈಗೆ ಇಳಿದ ಸದ್ದು... ಒದ್ದೆ ಬಟ್ಟೆ ಕಲ್ಲಿಗೆ ಬಡಿದ ಹಾಗೆ.

ಅಮರ ವೈರು ಕಿತ್ತ. ಸ್ಕ್ರೀನು ಕಪ್ಪಾಯಿತು. ಕರೆಂಟು ಹೋದರೆ ರ‍್ಯಾಮಿಗೆ ಏನೂ ನೆನಪಿರುವುದಿಲ್ಲ, ಅವನ ಕಸುಬಿನ ಮೊದಲ ಪಾಠ ಅದು. ಉಸಿರು ಬಿಟ್ಟ...

ಠಣ್, ಧಡ್! ಅವಳ ಪಕ್ಕೆ.

"ಅಣ್ಣಾ, ಬೀರು ಎತ್ತೋ... ಸತ್ತೋಯ್ತೀನಿ ಕಣೋ..."

ಎತ್ತಲು ಕೈ ಹಾಕಿದಾಗೆಲ್ಲ ಏಟು. ಬಾವಿಯ ಹತ್ತಿರ ಸದ್ದಿಗೂ ಏಟಿಗೂ ನಡುವೆ ಬಿಡುವಿತ್ತು. ನಂಬರು ಇಳಿಸಿ ಆ ಬಿಡುವನ್ನು ತಿಂದವನು ತಾನೇ! ಅದು ಹೊಳೆದಾಗ ಅವನಿಗೆ ಅಳುವೇ ಬಂದುಬಿಟ್ಟಿತು. ವೈರು ಮತ್ತೆ ಸಿಕ್ಕಿಸಿದ. ಕೀಬೋರ್ಡನ್ನು ನೆಲಕ್ಕೆ ಎಳೆದುಕೊಂಡು ಸೆಟ್ಟಿಂಗಿಗೆ ಹೋದ. ಬಲಗೈ ಕೀಲಿಗಳ ಮೇಲೆ, ಎಡಗೈ ತಂಗಿಯ ತಲೆಯ ಮೇಲೆ. ಈ ಸಲ ಏಟು ತಲೆಗೇ ಬಂತು... ಅವನ ಬೆರಳುಗಳು ಕಡಲೆಕಾಯಿಯ ಹಾಗೆ ಚಟಚಟನೆ ಒಡೆದವು. ಅರಚುತ್ತಲೇ ನಂಬರು ಏರಿಸಿದ, ಏರಿಸಿದ, ಅದು ಒಪ್ಪುವ ಕೊನೆಯವರೆಗೂ ಏರಿಸಿದ. ಸೇವ್ ಮಾಡಿದ.

ಠಣ್...

...

ಬೀರು ಎತ್ತಿದ. ತಂಗಿಯನ್ನು ಬಾಚಿ ಎಳೆದುಕೊಂಡ. ಹೊಸ್ತಿಲು ದಾಟಿದ. ಆಗ ಒಳಗೆ ಧಡ್ ಅಂತು. ಅವಳ ತಲೆ ಇದ್ದ ಕಡೆ ನೆಲ ಕುಳಿ ಬಿತ್ತು.

ಇಬ್ಬರನ್ನೂ ಆಟೋಗೆ ಹತ್ತಿಸಿದ್ದು ನಾವೇ. ಧರಣಿ ಬದುಕಿದಳು, ಕಾಲಿಗೆ ಪ್ಲೇಟು ಹಾಕಿದರು. ಅಮರನ ಎಕ್ಸ್‌ರೇ ನೋಡಿದ ಡಾಕ್ಟರು ಮಾತ್ರ ಅವನಿಗೆ ಸರಿಯಾಗಿ ಬೈದರು.

"ಬೆರಳು ಮುರಿದು ತಿಂಗಳ ಮೇಲಾಗಿದೆಯಲ್ರೀ. ಮೂಳೆ ಆಗಲೇ ಸೊಟ್ಟಗೆ ಕೂಡ್ಕೊಂಡಿದೆ. ಇಷ್ಟು ದಿನ ಎಲ್ಲಿದ್ರಿ?"

ಏರಿಸಿದ ಆ ನಂಬರಿನಷ್ಟು ಕಾಲವನ್ನು ಅವನ ಕೈಯ ಮೂಳೆ ಆ ಒಂದೇ ಬಿಡುವಿನಲ್ಲಿ ಕಾದಿತ್ತೋ ಏನೋ. ಸುಳ್ಳಲ್ಲ ಕಣ್ರೀ, ಆ ಎಕ್ಸ್‌ರೇನ ದೀಪಕ್ಕೆ ಹಿಡಿದು ನಾನೇ ನೋಡಿದ್ದೀನಿ. ಮೂಳೆ ಕೂಡಿಕೊಂಡಿತ್ತು. ಕೈಯಿಂದ ರಕ್ತ ಇನ್ನೂ ತೊಟ್ಟಿಕ್ಕುತ್ತಿತ್ತು.