ಮೋನಪ್ಪನ ಬೊಟ್ಟು

…ಅಲ್ಲ ಮಾರಾಯ, ನಾನು ಇಷ್ಟೊತ್ತು ಯಾರ ಹತ್ತಿರ ಮಾತಾಡ್ತಾ ಇದ್ದೇನೆ? ಗೋಡೆ ಹತ್ತಿರವಾ? ಆ ಸೌಟು ಕೆಳಗಿಡು ಮೋನಪ್ಪ. ಗಂಜಿ ಅದರಷ್ಟಕ್ಕೆ ಬೇಯ್ತದೆ, ನೀನು ಕಾವಲು ನಿಲ್ಲಬೇಕಂತ ಇಲ್ಲ. ಮಸೀದಿಯಲ್ಲಿ ಅಸರ್ ಬಾಂಗ್ ಆದ ಮೇಲೆ ನಿನ್ನನ್ನು ಸ್ಟೇಷನ್ನಿಗೆ ಕರ್ಕೊಂಡು ಬರ್ತೇನೆ ಅಂತ ನಾನು ಪೊಲೀಸರಿಗೆ ಮಾತು ಕೊಟ್ಟು ಬಂದದ್ದು. ಇಲ್ಲದಿದ್ರೆ ಅವರೇ ಈ ಅರ್ದಿಯಾದ ರೂಮಿಗೆ ಜೀಪು ತರ್ತಿದ್ರು. ಇಡೀ ಬಿಲ್ಡಿಂಗ್ ನೋಡುವಾಗ ನಿನ್ನ ಕೈಗೆ ಕೋಳ! ಬೇಕಿತ್ತಾ ಅದು?

ಹೇಳಬೇಕಾದ್ದು ಒಂದೇ ಮಾತು. 'ಕೋವಿಯ ಬೋಲ್ಟ್ ಪಾಸು ಮಾಡಿದ್ದು ನಾನು, ಬಿರುಕು ಕಣ್ಣಿಗೆ ಬೀಳಲಿಲ್ಲ.' ಖಲಾಸ್! ಅದಕ್ಕಿಂತ ಹೆಚ್ಚು ಒಂದು ಶಬ್ದ ಬೇಡ.

ಎಂತ ಹಾಗೆ ನೋಡುದು?

ಹೌದು, ನೀನು ನನ್ನನ್ನು ಕರೆದು ಹೇಳಿದ್ದೆ. 'ಪೊರ್ಬುಲೇ, ಇದರಲ್ಲಿ ಕೂದಲಿನಷ್ಟು ಗೆರೆ ಉಂಟು, ಇದು ಬೇಡ, ಇನ್ನೊಂದು ಮಾಡುವ' ಅಂತ ಹೇಳಿದ್ದೆ. ನಾನು ಇಲ್ಲ ಅಂದೆನಾ? ಆದ್ರೆ ಅದು ಬೆಳಿಗ್ಗೆ! ಸಂಜೆಗೆ ಅದೇ ಬೋಲ್ಟಿನ ಮೇಲೆ ನಿನ್ನ ಬೊಟ್ಟು ಇತ್ತಲ್ಲ? ಪಾಸು ಅಂತ ಹಾಕುವ ಕೆಂಪು ಬೊಟ್ಟು! ಡ್ರೈವರ್ ಝಾಕಿರ್ ನೋಡಿದ್ದಾನೆ, ಲೇತಿನ ಕ್ಲೆಮೆಂಟ್ ನೋಡಿದ್ದಾನೆ. ನಿನ್ನ ಬೊಟ್ಟು ಇದ್ದ ಮೇಲೆ ನಾನು ಮತ್ತೆ ಎಂತ ನೋಡುದು? ಹೇಳು! ನಾನು ಫೋರ್ಮನ್ ಆದದ್ದು ನಿನ್ನ ಮೇಲೆ ಸಂಶಯ ಪಡ್ಲಿಕ್ಕಾ?

ಯಾರಿಗೆ ಬೇಕಿತ್ತು ಒಡೆದು ಹೋದ ಆ ದರಿದ್ರ ಕೋವಿ! ನಮ್ಮದು ಎಂತ ವರ್ಕ್‌ಶಾಪ್? ಪಂಪಿನ ಶಾಫ್ಟು, ಲಾರಿಯ ಬುಶ್ಶು. ಈ ಅರಬರ ದೇಶಕ್ಕೆ ಬಂದು ರಾಯ್ ಇಂಡಸ್ಟ್ರಿಯಲ್ ಏರಿಯಾದಲ್ಲಿ ಇಷ್ಟು ವರ್ಷದಿಂದ ಲೇತ್ ತಿರುಗಿಸಿಕೊಂಡು ಮರ್ಯಾದೆಯಲ್ಲಿ ಇದ್ದವರು ನಾವು. ನಮಗೆ ವೀಸಾ ಕೊಟ್ಟ ಧಣಿ ಈ ಕಫೀಲ್, ಅವನ ಅಪ್ಪ ಸತ್ತ, ಕಪಾಟಿನಲ್ಲಿ ಹಳೇ ತೋಟೆ ಸಿಕ್ಕಿತು. ಯಾವ ಕಾಲದ ಬೇಟೆಯ ತೋಟೆಯೋ! ಈಗ ಯಾವ ದೇಶದ ಅಂಗಡಿಯಲ್ಲೂ ಇಲ್ಲ, ಅದು ಹಿಡಿಸುವ ಕೋವಿಯೂ ಇಲ್ಲ. ಸಮುದ್ರಕ್ಕೆ ಬಿಸಾಡಬೇಕಿತ್ತು. ಲೋಕದಲ್ಲಿ ಎಲ್ಲರೂ ಕೋವಿಗೆ ತೋಟೆ ಹುಡುಕ್ತಾರೆ. ಇವನಿಗೆ ತೋಟೆಗೆ ಕೋವಿ ಆಗ್ಬೇಕು!

ಅದೂ ಎಂತ ಕೋವಿ? ಊರಲ್ಲಿ ಹಂದಿ ಓಡಿಸುವ ಒಂಟಿ ನಳಿಗೆ ಆದ್ರೆ ಸಾಕಾ ಅವನಿಗೆ? ಒಂದು ಗುಂಡು ಹೋದ ಕೂಡ್ಲೆ ಹಿಂದಿನ ಬೋಲ್ಟೇ ಇನ್ನೊಂದನ್ನು ಒಳಗೆ ಎಳ್ಕೊಳ್ಬೇಕು! 'ಅಪ್ಪನ ನೆನಪಿಗೆ' ಅಂತೆ! ಲೈಸೆನ್ಸ್ ಉಂಟಾ ಬಾಬಾ ಅಂತ ಕೇಳಿದ್ದಕ್ಕೆ, 'ರುಡಾಲ್ಫ್, ಇಲ್ಲಿ ಕಫೀಲ್ ನಾನಾ, ನೀನಾ?' ಅಂದ. ನಾನು ಎಂತ ಹೇಳುದು? ನನ್ನ ಇಕಾಮಾ, ಇಲ್ಲಿ ಇರುವ ಪರ್ಮಿಟ್, ಅವನ ಕೈಯಲ್ಲಿ. ನಿನ್ನದೂ ಅವನ ಕೈಯಲ್ಲಿ. ಈಗ ನೋಡು, ಫೋನ್ ಎತ್ತುದಿಲ್ಲ ನಾಯಿ!

ಗಂಜಿ ಉಕ್ಕುತ್ತಾ ಉಂಟು. ನೋಡು ಅಲ್ಲಿ. ಉರಿ ಸಣ್ಣ ಮಾಡು.

ನನಗೆ ಸಿಟ್ಟು ಯಾಕೆ ಬರುದು ಗೊತ್ತುಂಟಾ? ನೀನು ಸುಮ್ಮನೆ ಇರುದಕ್ಕೆ! ಬೈಯಿ ಬೇಕಾದ್ರೆ, ಬೊಬ್ಬೆ ಹಾಕು, ನನ್ನ ಕಾಲರ್ ಹಿಡಿ. ಹೀಗೆ ಮಾತೇ ಆಡದಿದ್ರೆ ಮನುಷ್ಯ ಎಂತ ಅಂತ ತಿಳ್ಕೊಳ್ಳುದು?

ಕೂತ್ಕೋ. ಸ್ವಲ್ಪ ಕೂತ್ಕೋ ಮಾರಾಯ. ತಣ್ಣಗೆ ಯೋಚನೆ ಮಾಡು. ಕೋವಿ ಮಾಡಿಸಿದ್ದು ಕಫೀಲ್ ಅಂತ ಪೊಲೀಸರಿಗೆ ಗೊತ್ತಾಗಿದೆ, ಅದು ಅವನ ತಲೆಗೆ. ಈಗ ಅವರಿಗೆ ಬೇಕಾದ್ದು ಬಿರುಕು ಬಿಟ್ಟ ಪೀಸನ್ನು ಸರಿ ಉಂಟು ಅಂತ ಬಿಟ್ಟವ ಯಾರು ಅಂತ. ಅಷ್ಟೇ. ನೀನು ಹೇಳಿದ್ರೆ ಎಂತ ಆಗ್ತದೆ? ಕೈತಪ್ಪು ಅಂತ ಬರೀತಾರೆ, ಊರಿಗೆ ಕಳಿಸ್ತಾರೆ. ಕಳಿಸಿದ್ರೆ ಒಳ್ಳೇದೇ ಆಯ್ತಲ್ಲ ನಿನಗೆ? ಅಮ್ಮನ ಬೊಜ್ಜಕ್ಕೆ, ಆ ಉತ್ತರಕ್ರಿಯೆಗೆ ಮುಟ್ಟಬಹುದು! ಮುಖ ನೋಡ್ಲಿಕ್ಕೆ ಸಿಗಲಿಲ್ಲ, ಬೊಜ್ಜಕ್ಕಾದ್ರೂ ಮಗ ಬಂದ ಅಂತ ಆಗ್ತದೆ. ನಿನ್ನ ಹೆಂಡತಿ ಪುಷ್ಪಾವತಿ ಅಲ್ಲಿ ಒಬ್ಬಳೇ ಒದ್ದಾಡ್ತಾ ಇದ್ದಾಳೆ ಅಂತ ನೀನೇ ಹೇಳಿದ್ದಲ್ವಾ?

ಜೈಲಾ? ಜೈಲು ಗೀಲು ಇಲ್ಲ. ನಾನು ಕೇಳಿದ್ದೇನೆ… ಇದ್ರೂ ಸ್ವಲ್ಪ ದಿನ.

ನಾನು ಹೇಳಬಹುದಿತ್ತು, ನಾನೇ ಅಂತ. ಹೇಳ್ತಿದ್ದೆ, ಒಂಟಿ ಆಗಿದ್ರೆ! ನನಗೆ ಇಲ್ಲಿ ಸಂಸಾರ ಉಂಟು ಮೋನಪ್ಪ. ಮೈದಾನ್ ಹವಲ್ಲಿಯಲ್ಲಿ ಮನೆ ಉಂಟು, ಹೆಂಡತಿ ಮೊಲ್ಲಿಯ ಕೆಲಸ ಉಂಟು. ಮಗಳು ಲೊರೈನ್‌ಗೆ ಈ ವರ್ಷ ಟ್ವೆಲ್ತ್. ನಡುವಲ್ಲಿ ಎಬ್ಬಿಸಿಕೊಂಡು ಎಲ್ಲಿಗೆ ಹೋಗುದು ನಾನು? ಆ ಹುಡುಗಿಗೆ ಕನ್ನಡ ಓದ್ಲಿಕ್ಕೇ ಬರುದಿಲ್ಲ!

ಮತ್ತೆ ಮೊದಲು ಆ ಗಡ್ಡ ತೆಗಿ. ಅಮ್ಮ ಹೋದದ್ದಕ್ಕೆ ಬಿಟ್ಟದ್ದು ಅಂತ ಅವರಿಗೆ ಎಂತ ಗೊತ್ತು? ಒಳ್ಳೇ ಕೊಲೆಗಾರನ ಹಾಗೆ ಕಾಣ್ತೀ… ಇಲ್ಲ, ತಡಿ. ಇರ್ಲಿ. ಗಡ್ಡ ಇರ್ಲಿ. ಅದನ್ನೇ ಹೇಳುವ! 'ತಾಯಿ ಸತ್ತಿದ್ದಾಳೆ, ರಜೆ ಕೊಡ್ಲಿಲ್ಲ, ನಾನು ಸೂತಕದಲ್ಲಿ ಇದ್ದೆ, ತಲೆ ಸರಿ ಇರ್ಲಿಲ್ಲ.' ಅವರಿಗೂ ತಾಯಿ ಇದ್ದಾಳಲ್ಲ, ಕರಗ್ತಾರೆ. ಮತ್ತೆ ಅದು ಸತ್ಯವೇ ಅಲ್ವಾ? ನಿನಗೆ ಆ ದಿನಗಳದ್ದು ಒಂದೂ ನೆನಪಿಲ್ಲ. ಬೆಳಿಗ್ಗೆ ಬೇಡ ಅಂದ ಪೀಸಿಗೆ ಸಂಜೆ ಅಳ್ತಾ ಅಳ್ತಾ ಬೊಟ್ಟು ಹಾಕಿದ್ದೀ. ಯಾರಿಗೂ ಆಗ್ತದೆ ಹಾಗೆ. ನಾನು ನಿನ್ನನ್ನು ದೂರುದಿಲ್ಲ!

ಆ ಬೊಟ್ಟಿನ ಕತೆ ಕೇಳಿದ್ರೆ ಪೊಲೀಸಿನವನಿಗೂ ನಗು. 'ಎಂತ ಬೊಟ್ಟು? ಪೈಂಟಾ?' ಅಂತ ಕೇಳಿದ. ನಾನೇ ಬಿಡಿಸಿ ಹೇಳಿದ್ದು. ಒಂದು ಆಯುಧಪೂಜೆಗೆ ಊರಿಂದ ತಂದ ಕುಂಕುಮವನ್ನು ಮೋನಪ್ಪ ಎಣ್ಣೆಯಲ್ಲಿ ಕಲಸಿ ಕಾಫಿಪುಡಿ ಡಬ್ಬಿಯಲ್ಲಿ ಇಟ್ಟ, ಅಲ್ಲಿಂದ ಇವತ್ತಿನವರೆಗೆ ಅವನ ಹೆಬ್ಬೆರಳಿನ ಬೊಟ್ಟು ಬೀಳದೆ ನಮ್ಮಲ್ಲಿಂದ ಒಂದು ನಟ್ಟೂ ಗೇಟು ದಾಟಿದ್ದಿಲ್ಲ ಅಂತ. ಗಿರಾಕಿಗಳು ಬಿಲ್ ನೋಡುದಿಲ್ಲ, ಬೊಟ್ಟು ನೋಡ್ತಾರೆ. ಪಠಾಣ್ ಭಾಯಿಗಳೂ 'ಲಾಲ್ ಹೈ ಕ್ಯಾ?' ಅಂತ ಕೇಳಿಯೇ ತಗೊಳ್ಳುದು. ಎಷ್ಟು ಹೊಗಳಿದೆ ನಿನ್ನನ್ನು ಅಲ್ಲಿ! ಆ ಬೊಟ್ಟು ಬೇರೆ ಯಾರೂ ಹಾಕುದಿಲ್ಲ ಅಂತ ಹೇಳಿದೆ.

ಎಂತ? ಎಂತ ಹುಡುಕ್ತೀ ಕಿಸೆಯಲ್ಲಿ?

ಎಂತ ಇದು… ಚಾಕ್ ತುಂಡಾ? ಇದನ್ನು ನನ್ನ ಮುಂದೆ ಇಟ್ಟು ಎಂತ ಹೇಳ್ತೀ? ಬಾಯಿ ಬಿಟ್ಟು ಹೇಳು! ಶಾಲೆ ಮಾಡ್ತೀಯಾ ನನಗೆ ಇಲ್ಲಿ?

ಗಡ್ಡ ಎಂತಕ್ಕೆ ಸವರುದು… ಗೊತ್ತುಂಟು, ಸೂತಕ ಅಂತ ನಾನೇ ಈಗ ಹೇಳಿದೆ ಅಲ್ವಾ? ಸೂತಕದಲ್ಲಿ ಗಡ್ಡ ತೆಗಿಲಿಕ್ಕಿಲ್ಲ, ದೀಪ ಹಚ್ಚಲಿಕ್ಕಿಲ್ಲ, ಕು…

ಕುಂಕುಮ ಮುಟ್ಟಲಿಕ್ಕಿಲ್ಲ…

ಇಲ್ಲ. ಇಲ್ಲ, ತಡಿ. ನಿನ್ನ ಅಮ್ಮ ಹೋದ ಸುದ್ದಿ ಬಂದದ್ದು ಬೋಲ್ಟ್ ಮಾಡುವ ಮೊದಲಾ? ಹೌದು. ಮೊದಲೇ. ಅಂದ್ರೆ ಅಲ್ಲಿಂದ ಈಚೆಗೆ ನೀನು… ಎಲ್ಲಾ ಪೀಸಿಗೂ ಬೊಟ್ಟಿನ ಬದಲು ಚಾಕಿನ ಗುರುತಾ? ಮತ್ತೆ ನನಗೆ ಯಾಕೆ ಯಾರೂ ಹೇಳಲಿಲ್ಲ? ನಾನು ಕ್ಯಾಬಿನ್‌ನಲ್ಲಿ ಕೂತವ, ಆ ಕಫೀಲನ ಫೋನಿಗೆ ಉತ್ತರ ಕೊಟ್ಟೇ ಸಾಯ್ತಿದ್ದೆ, ನನಗೆ ಎಂತ ಗೊತ್ತು! ಅದಕ್ಕೇ ಕುಂಕುಮದ ಡಬ್ಬಿಯ ಮುಚ್ಚಳ ಅಷ್ಟು ಬಿಗಿ… ಸ್ಕ್ರೂಡ್ರೈವರ್ ಹಾಕಿ ಎಬ್ಬಿಸಬೇಕಾಯ್ತು…

ಹಾಗೆ ನೋಡ್ಬೇಡ ಮೋನಪ್ಪ.

ನೋಡ್ಬೇಡ ಅಂದೆ!

ನಾನು ಎಂತ ಮಾಡ್ಬೇಕಿತ್ತು? ಕಫೀಲ್ ಗೇಟಿನ ಹತ್ತಿರ ಕಾರಿನಲ್ಲಿ ಕೂತು ಹಾರ್ನ್ ಹೊಡೀತಾ ಇದ್ದ. 'ಯಲ್ಲಾ ರುಡಾಲ್ಫ್, ಯಲ್ಲಾ!' ಇವತ್ತೇ ಮರುಭೂಮಿಗೆ ಹೋಗಿ ಹೊಡೆದು ನೋಡ್ಬೇಕಂತೆ. ಇನ್ನೊಂದು ಬೋಲ್ಟ್ ಮಾಡಿ, ಅದಕ್ಕೆ ಹದ ಕೊಡಿಸಿ ತರ್ಲಿಕ್ಕೆ ಟೈಮ್ ಎಲ್ಲಿ? ಕೂದಲಿನಷ್ಟು ಗೆರೆ ತಾನೇ, ಒಂದು ನಾಲ್ಕು ಗುಂಡು ತಡೀಬಹುದು ಅಂತ ನಾನು… ಕಟ್ಟಿ ಹಾಕಿ ದೂರದಿಂದ ದಾರ ಎಳೆದು ನೋಡುವ ಬಾಬಾ ಅಂತಲೂ ಹೇಳಿದೆ. ಸತ್ಯವಾಗಿ ಹೇಳಿದೆ! ಅವನು ನಕ್ಕ. 'ಡ್ರೈವರ್ ಇದ್ದಾನಲ್ಲ, ಅವನು ಹೊಡೀಲಿ' ಅಂದ. ಡ್ರೈವರ್ ಇದ್ದಾನಲ್ಲ ಅಂತೆ! ನಮ್ಮ ಉಳ್ಳಾಲದ ಝಾಕಿರ್ ಎಂತ ಇವನ ಮನೆಯ ಗೋಡೆಯಾ ಗುಂಡು ಹೊಡೆದು ನೋಡ್ಲಿಕ್ಕೆ?

ಅವನು ಮುಟ್ಟಲಿಕ್ಕೇ ತಯಾರಿರ್ಲಿಲ್ಲ, ಝಾಕಿರ್. 'ಸಾರ್, ಮೋನಪ್ಪಣ್ಣ ನೋಡಿದ್ದಾರಾ? ಅವರ ಬೊಟ್ಟು ಉಂಟಾ?' ಅಂತ ಕೇಳಿದ. ನೀನು ಆಗ ರೂಮಿಗೆ ಹೋಗಿ ಆಗಿತ್ತು. 'ಉಂಟು ಮಾರಾಯ, ಇರು ತೋರಿಸ್ತೇನೆ' ಅಂತ ನಾನು ಒಳಗೆ ಹೋದೆ.

ಹೋಗಿ…

ಬಿಡು. ನಿನಗೆ ಗೊತ್ತಾಯ್ತಲ್ಲ. ನಾನು ಬಾಗಿಲು ತಟ್ಟುವಾಗಲೇ ಗೊತ್ತಿತ್ತಲ್ವಾ ನಿನಗೆ? ಗೊತ್ತಿದ್ದೂ ನನ್ನಿಂದ ಇಷ್ಟೆಲ್ಲಾ ಮಾತಾಡಿಸಿದೆ. ಸೌಟು ಹಿಡ್ಕೊಂಡು ನಿಂತು ಕೇಳಿದೆ. ಥೂ… ಅದೇ ನನಗೆ ಆಗುದಿಲ್ಲ ನಿನ್ನದು!

ನೋಡಿದ ಝಾಕಿರ್ ಬೊಟ್ಟು. ನೋಡಿ ನಕ್ಕ ಮೋನಪ್ಪ. 'ಹಾಂ, ಹಾಗಾದ್ರೆ ಹೆದರಿಕೆ ಇಲ್ಲ' ಅಂತ ಅವನೇ ಕೈ ಚಾಚಿ ತಗೊಂಡ. ಮರುಭೂಮಿಯಲ್ಲಿ ಮೊದಲ ಗುಂಡಿಗೇ ಬೋಲ್ಟ್ ಒಡೆದು ಹಿಂದೆ ಸಿಡೀತು. ಬಲಗಣ್ಣು… ಕೈಯ ಬೆರಳು… ನಾನೇ ಎತ್ತಿ ಕಾರಿನಲ್ಲಿ ಹಾಕಿದ್ದು. ದಾರಿ ಇಡೀ ಅವನು ಉಮ್ಮಾ ಉಮ್ಮಾ ಅಂತ… ನನಗೆ ಈಗಲೂ ಕೇಳ್ತಾ ಉಂಟು.

ಬಾಂಗ್ ಆಯ್ತು ನೋಡು.

ನಾನು ಕರ್ಕೊಂಡು ಹೋಗುದಾ, ಬೇಡ್ವಾ? ಹೇಳು. ಇಲ್ಲ, ನಾನೊಬ್ಬನೇ ಹೋಗ್ಲಾ? ಹೋಗಿ ಎಂತ ಹೇಳ್ಲಿ? ನಾನು ನಿನ್ನ ಹೆಸರು ಕೊಟ್ಟು ಆಗಿದೆ, ಈಗ ತಿರುಗಿಸಿ ಹೇಳಿದ್ರೆ ನನ್ನನ್ನು ಬಿಡ್ತಾರಾ? ಲೊರೈನ್‌ಗೆ ನಾನು ಎಂತ ಅಂತ… ಎಂತ ಮಾಡ್ತಾ ಇದ್ದೀ? ಟಿಫಿನ್‌ಗೆ ಯಾಕೆ ಹಾಕ್ತೀ ಗಂಜಿಯನ್ನು? ಉಪ್ಪಿನಕಾಯಿ ಬೇರೆ. ಇದು ನಿನಗೆ ಅಲ್ವಾ?

ಓ… ಝಾಕಿರ್‌ಗೆ, ಆಸ್ಪತ್ರೆಗಾ?

ಅದಕ್ಕಾ ಇಷ್ಟು ಮಾಡಿದ್ದು ನೀನು… ಅವನಿಗೆ ನಮ್ಮ ಕುಚ್ಚಲಕ್ಕಿ ಗಂಜಿ ಅಂದ್ರೆ ಪ್ರಾಣ, ಹೌದು. ಎಷ್ಟು ಸಲ ಇಲ್ಲೇ ಕೂತು ಕುಡಿದಿದ್ದಾನೆ.

ನಿಲ್ಲು. ಚಪ್ಪಲಿ ಹಾಕ್ಬೇಡ. ಒಂದು ನಿಮಿಷ ನಿಲ್ಲು ಮೋನಪ್ಪ, ಕೈ ಮುಗೀತೇನೆ… ಒಬ್ಬನೇ ಹೋಗ್ಬೇಡ ಅಲ್ಲಿಗೆ. ಅವನು ನಿನ್ನ ಕೈಯ ಗಂಜಿ ಕುಡೀಲಿಕ್ಕಿಲ್ಲ. ನಾನು ಸ್ಟೇಷನ್ನಿಗೆ ಹೋಗುವ ಮೊದಲು ಅವನಲ್ಲಿಗೆ ಹೋಗಿದ್ದೆ. ಬಿರುಕು ಇದ್ದ ಪೀಸಿಗೆ ಬೊಟ್ಟು ಹಾಕಿದ್ದು ನೀನೇ ಅಂತ ಅವನಿಗೂ ಹೇಳಿ ಬಂದಿದ್ದೇನೆ.