ತಲೆಕೆಳಗಾದ ರಾಣಿ

ನನ್ನ ಕಿವಿಗೆ ಬೀಳದೆ ತಪ್ಪಿಸಿಕೊಂಡ ಡೈಲಾಗು ಇನ್ನೂ ಹುಟ್ಟಿಲ್ಲ ಸ್ವಾಮಿ! ಚಾನೆಲ್ ಆಫೀಸಿನ ವೇಟಿಂಗ್ ರೂಮಿನಲ್ಲಿ, ಎಲ್ಲರನ್ನೂ ಬೈಯುವ ಗೊಂಬೆಯ ವಿಡಿಯೋ ಮಾಡುವ ಹುಡುಗಿಗೆ ಅವಳ ಅಕ್ಕ ಟ್ಯಾರೋ ಕಾರ್ಡ್ ಹಾಕಿ ಭವಿಷ್ಯ ನೋಡುತ್ತಿದ್ದಳು.

“ಈ ಚಾನೆಲ್‌ನೋರು ಪಾರ್ಟ್ನರ್‌ಶಿಪ್ ಅಂತ ಏನು ಕೊಡ್ತಾರೇ?” ಅಂದಳು ಅಕ್ಕ.

“ದೊಡ್ಡ ಸ್ಟುಡಿಯೋ. ಆದ್ರೆ ಗೊಂಬೆ ಅವರದ್ದಾಗುತ್ತೆ, ವಾಯ್ಸೂ ಬೇರೆಯವರದ್ದು ಹಾಕ್ತಾರಂತೆ.”

“ರಾಣಿ ಕಾರ್ಡು ಬಂತು! ಅಯ್ಯೋ, ತಲೆಕೆಳಗೆ. ಅಪಶಕುನ ಕಣೇ.”

“ತಿರುಗಿಸಿಡು.”

“ಹಾಗೆಲ್ಲಾ ಮುಟ್ಟಂಗಿಲ್ಲ ಕಣೇ!”

ಹುಡುಗಿ ಎದ್ದು ಟೇಬಲ್ಲಿನ ಆಚೆ ಬದಿಗೆ ಹೋಗಿ ನಿಂತಳು.

“ಈಗ ನೆಟ್ಟಗಿದ್ದಾಳೆ ನೋಡು. ಬಾಗಿಲೂ ಈ ಕಡೇನೇ ಇದೆ. ಏಳಕ್ಕಾ, ಹೋಗೋಣ.”

“ಒಳಗೆ ಕಾಯ್ತಿದ್ದಾರಲ್ಲೇ!”

“ಕಾಯ್ಲಿ. ನನ್ನ ಗೊಂಬೆ ನನ್ನ ದನೀಲೇ ಬೈಯ್ಯೋದು.”

ಇಬ್ಬರೂ ಹೋದರು. ನಾನು ಎದ್ದು ನಿಂತು ಶಿಳ್ಳೆ ಹೊಡೆದೆನೆಂದು ಗೆಳೆಯರ ಮುಂದೆ ಕೊಚ್ಚಿಕೊಂಡಿದ್ದೇನೆ. ನಿಜ ಹೇಳಲೇ? ಅಂಥದೇ ಕರಾರಿಗೆ ಸಹಿ ಹಾಕಲು ಬಂದಿದ್ದ ನಾನು, ಸದ್ದಿಲ್ಲದೆ ಅವರ ಹಿಂದೆಯೇ ಜಾರಿಕೊಂಡೆ.